ಮೋರಾ ಕಂಪ್ಯಾನಿಯನ್: ಮಳೆಗಾಲಕ್ಕೂ ಸೊಂಟಕ್ಕೂ ಒಗ್ಗುವ ನಾಲ್ಕಿಂಚಿನ ಚಾಕು

ಹೊಳೆದಂಡೆಯ ಬಿಡಾರ, ಕಾಫಿ ತೋಟ, ಮಳೆಯಲ್ಲಿ ಹೂತು ನಿಂತ ಜೀಪು, ಇಂಥ ಕಡೆ ಕೈಗೆ ಸಿಗುವಂತಿರಬೇಕಾದ ಚಾಕು ಯಾವುದು ಎಂದು ಕೇಳುವವರಿಗೆ ನಮ್ಮ ಉತ್ತರ ಸ್ವೀಡನ್ನಿನ ಮೋರಾಕ್ನಿವ್ ಕಂಪ್ಯಾನಿಯನ್, ಅದರಲ್ಲೂ ಸ್ಟೇನ್‌ಲೆಸ್ ಉಕ್ಕಿನದು. ಅಲಗಿನ ಉದ್ದ 10 ಸೆಂ.ಮೀ.ಗಿಂತ ತುಸು ಹೆಚ್ಚು, ದಪ್ಪ 2.5 ಮಿ.ಮೀ. ಒರೆಯೂ ಸೇರಿ ತೂಕ 120 ಗ್ರಾಂ ಒಳಗೆ. ಡಾಲಾರ್ನಾ ಸೀಮೆಯ ಮೋರಾ ಪಟ್ಟಣದ ಪಕ್ಕ ಓಸ್ಟ್ನೋರ್ ಎಂಬ ಹಳ್ಳಿಯಿದೆ. ಅಲ್ಲಿ 1891ರಲ್ಲಿ ಹಿಮದ ಮೇಲೆ ಎಳೆಯುವ ಮರದ ಬಂಡಿ ಮಾಡಲು ಶುರುವಾದ ಕಾರ್ಖಾನೆಯೇ ಮುಂದೆ ಚಾಕುವಿನ ಕಾರ್ಖಾನೆಯಾಯಿತು. ಈ ಚಾಕು ನೋಡಲು ತೀರಾ ಸಾದಾ. ಹಲ್ಲಿಲ್ಲ, ದಿಕ್ಸೂಚಿಯಿಲ್ಲ, ಹಿಡಿಯೊಳಗೆ ಗಾಳ ಇಡುವ ಡಬ್ಬಿಯೂ ಇಲ್ಲ. ಇಲ್ಲದಿರುವ ಈ ಸಾಮಾನುಗಳೇ ಅದನ್ನು ಆರಿಸಲು ಅರ್ಧ ಕಾರಣ.

ಕೊಳ್ಳುವ ಮುಂಚೆ ಒಂದು ವಿಷಯ ಇತ್ಯರ್ಥವಾಗಬೇಕು: ಚಾಕುವನ್ನು ಎಲ್ಲಿಗೆ ಒಯ್ಯುತ್ತೀರಿ? ಕುಮಾರಪರ್ವತಕ್ಕೋ ಕುದುರೆಮುಖಕ್ಕೋ ಚಾರಣ ಹೋಗಲು ಬೇಕು ಎಂದಾದರೆ ಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೊಡುವ ಆಯುಧದ ಅರ್ಥದಲ್ಲಿ ಚಾಕುವಿನ ಹೆಸರೂ ಇದೆ. ಅದರ 31ನೇ ಕಲಮಿನ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರ ಅಥವಾ ಅವರು ಅಧಿಕಾರ ಕೊಟ್ಟವರ ಲಿಖಿತ ಅನುಮತಿ ಇಲ್ಲದೆ ಆಯುಧ ಹಿಡಿದು ಅಭಯಾರಣ್ಯದೊಳಗೆ ಕಾಲಿಡುವಂತಿಲ್ಲ. ರಾಷ್ಟ್ರೀಯ ಉದ್ಯಾನಕ್ಕೂ ಇದೇ ನಿಯಮ. ಕುಮಾರಪರ್ವತ ಪುಷ್ಪಗಿರಿ ವನ್ಯಜೀವಿಧಾಮದಲ್ಲಿದೆ, ಕುದುರೆಮುಖ ರಾಷ್ಟ್ರೀಯ ಉದ್ಯಾನ. ಗೇಟಿನಲ್ಲಿ ಬ್ಯಾಗು ತೆರೆಸಿ ಚಾಕು ತೆಗೆದಿಟ್ಟರೆ ಅದು ಸಿಬ್ಬಂದಿಯ ಕಿರುಕುಳವಲ್ಲ, ಕಾನೂನು. ಮಾರ್ಗದರ್ಶಿಯ ಜೊತೆ ಹೋಗಿ ಸಂಜೆಗೆ ಇಳಿದು ಬರುವ ಚಾರಣದಲ್ಲಿ ಚಾಕುವಿಗೆ ಕೆಲಸವೂ ಇರುವುದಿಲ್ಲ. ಗಾಯದ ಪಟ್ಟಿ ಕತ್ತರಿಸಲು ಮೊಂಡುತುದಿಯ ಸಣ್ಣ ಕತ್ತರಿ ಸಾಕು. ಸ್ವಂತ ಜಮೀನು, ಖಾಸಗಿ ಎಸ್ಟೇಟು, ಅನುಮತಿ ಇರುವ ಶಿಬಿರ, ದೂರದ ಗಾಡಿ ಪ್ರಯಾಣ, ಈ ಚಾಕುವಿನ ಜಾಗ ಇವು.

ಇನ್ನೊಂದು ಕಾನೂನು ಅಳತೆಗೆ ಸಂಬಂಧಿಸಿದ್ದು. ಆಯುಧಗಳ ನಿಯಮಾವಳಿ ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲವಿರುವ ಚಾಕುಗಳನ್ನು, ಮನೆಬಳಕೆ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದು ಮಾಡಿದವನ್ನು ಬಿಟ್ಟು, ಆಯುಧದ ಪಟ್ಟಿಗೆ ಸೇರಿಸುತ್ತದೆ. ಕಂಪ್ಯಾನಿಯನ್ ಆ ಅಳತೆಯ ಅರ್ಧಕ್ಕಿಂತಲೂ ಚಿಕ್ಕದು. ಹಾಗೆಂದು ಬಸ್‌ಸ್ಟ್ಯಾಂಡಿನಲ್ಲಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವುದು ತರವಲ್ಲ. ಊರು ದಾಟುವ ತನಕ ಬ್ಯಾಗಿನ ತಳದಲ್ಲಿರಲಿ. ವಿಮಾನದಲ್ಲಾದರೆ ಚೆಕ್‌-ಇನ್ ಸಾಮಾನಿನಲ್ಲಿ ಮಾತ್ರ.

ನಾಲ್ಕು ಇಂಚು ಸಾಕೇ ಎಂಬುದು ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಕಡೆ ಇದಕ್ಕೆ ಉತ್ತರ ಸುಲಭ, ಏಕೆಂದರೆ ಕಡಿಯುವ ಕೆಲಸಕ್ಕೆ ಕತ್ತಿ ಬೇರೆಯೇ ಇದೆ. ಪೊದೆ ಸವರಲು, ಬಿದಿರು ಕಡಿಯಲು, ಸೌದೆ ಸೀಳಲು ಸ್ಥಳೀಯ ಕುಲುಮೆಯ ಕತ್ತಿಗೆ ಸಮನಾದ ಚಾಕು ಯಾವ ದೇಶದಲ್ಲೂ ತಯಾರಾಗುವುದಿಲ್ಲ. ಅದರ ತೂಕ ಮುಂದಕ್ಕಿದೆ, ಏಟಿನ ಬಲ ಅಲ್ಲಿಂದ ಬರುತ್ತದೆ. ಕತ್ತಿಗೆ ಆಗದ ಕೆಲಸವೇ ಚಾಕುವಿನದು: ಹಗ್ಗ ಕತ್ತರಿಸುವುದು, ಮೀನು ಹಸನು ಮಾಡುವುದು, ಗೂಟದ ತುದಿ ಚೂಪು ಮಾಡುವುದು, ಟಾರ್ಪಾಲಿಗೆ ತೂತು ಹಾಕುವುದು, ಒಣಕಡ್ಡಿ ಹೆರೆದು ಬೆಂಕಿಗೆ ಎಳೆ ತೆಗೆಯುವುದು, ಬಟ್ಟೆ ಹರಿದು ಪಟ್ಟಿ ಕಟ್ಟುವುದು. ಇವೆಲ್ಲ ಬೆರಳ ತುದಿಯ ಹತ್ತಿರ ನಡೆಯುವ ಕೆಲಸಗಳು. ಅಲಗು ಉದ್ದವಾದಷ್ಟೂ ಮೊನೆ ಬೆರಳಿನಿಂದ ದೂರ ಹೋಗುತ್ತದೆ, ಹಿಡಿತ ತಪ್ಪುತ್ತದೆ. ಏಳೆಂಟು ಇಂಚಿನ ‘ಸರ್ವೈವಲ್’ ಚಾಕು ಕಡಿಯಲು ಹಗುರ, ಹೆರೆಯಲು ಭಾರ.

ಅಂಥ ಚಾಕುಗಳ ಬಗ್ಗೆ ಸ್ವಲ್ಪ ಬಿಡಿಸಿಯೇ ಹೇಳಬೇಕು, ಏಕೆಂದರೆ ಆನ್‌ಲೈನ್‌ನಲ್ಲಿ ಹುಡುಕಿದರೆ ಮೊದಲು ಕಣ್ಣಿಗೆ ಬೀಳುವುದು ಅವೇ. ಹಿಡಿ ಟೊಳ್ಳಾಗಿದ್ದರೆ ಅಲಗು ಹಿಡಿಗೆ ಸೇರುವುದು ಒಂದು ಗಿಡ್ಡ ಮೊಳೆಯಿಂದ ಅಥವಾ ನಟ್ಟಿನಿಂದ. ಪಕ್ಕಕ್ಕೆ ಒತ್ತಡ ಬಿದ್ದ ದಿನ ಅಲ್ಲೇ ಮುರಿಯುತ್ತದೆ, ಮುರಿದಾಗ ಕೈ ಮುಂದಕ್ಕೆ ಜಾರಿ ಅಲಗಿನ ಮೇಲೆ ಬೀಳುತ್ತದೆ. ಬೆನ್ನಿನ ಮೇಲಿನ ಗರಗಸದ ಹಲ್ಲು ಮರ ಕೊಯ್ಯುವುದಿಲ್ಲ. ಅಲಗು ಹಲ್ಲಿಗಿಂತ ದಪ್ಪ ಇರುವುದರಿಂದ ಅರ್ಧ ಇಂಚು ಇಳಿಯುವುದರೊಳಗೆ ಸಿಕ್ಕಿಕೊಳ್ಳುತ್ತದೆ. ಜೊತೆಗೆ ಬೆನ್ನಿನ ಮೇಲೆ ಹೆಬ್ಬೆರಳಿಟ್ಟು ಒತ್ತುವ ಸೌಕರ್ಯವನ್ನೂ ಕಸಿದುಕೊಳ್ಳುತ್ತದೆ. ‘ಸ್ಟೇನ್‌ಲೆಸ್ ಸ್ಟೀಲ್’ ಎಂದಷ್ಟೇ ಬರೆದು ಉಕ್ಕಿನ ಜಾತಿ ಹೇಳದಿದ್ದರೆ ಯಾವ ಬೆಲೆಗೂ ಬೇಡ.

ಈಗ ಕಂಪ್ಯಾನಿಯನ್‌ನ ಹಿಡಿ. ಒಳಗೆ ಗಟ್ಟಿ ಪ್ಲಾಸ್ಟಿಕ್, ಮೇಲೆ ರಬ್ಬರಿನಂಥ ಪದರ. ಮಳೆ ನೀರು, ಮೀನಿನ ಲೋಳೆ, ಎಣ್ಣೆ ಯಾವುದಿದ್ದರೂ ಕೈ ಜಾರುವುದಿಲ್ಲ. ಮುಷ್ಟಿಗೆ ತುಂಬುವಷ್ಟು ಗಾತ್ರ ಇರುವುದರಿಂದ ಅರ್ಧ ಗಂಟೆ ಹೆರೆದರೂ ಬೊಬ್ಬೆ ಏಳುವುದು ಕಡಿಮೆ. ಮುಖ್ಯವಾದದ್ದು ಅಂಚಿನ ಕಡೆ ತೋರುಬೆರಳಿನ ಮುಂದೆ ಉಬ್ಬಿರುವ ತಡೆ. ಚುಚ್ಚುವಾಗ ಮೊನೆ ಗಂಟಿಗೆ ತಾಗಿ ಗಕ್ಕನೆ ನಿಂತರೆ ಕೈ ಮುಂದಕ್ಕೆ ಹೋಗುತ್ತದೆ. ಬೆರಳಿನ ನರ ಕತ್ತರಿಸುವ ಅಪಘಾತ ಆಗುವುದೇ ಹೀಗೆ. ತಡೆ ಇಲ್ಲದ ನುಣುಪು ಮರದ ಹಿಡಿಯ ಹಳೇ ಮಾದರಿಗಳು ಚೆಂದವೇ, ಹೊಸಬರಿಗೆ ಮಾತ್ರ ಬೇಡ.

ಅಲಗಿನ ಅಂಚು ಇಳಿಸಿರುವ ರೀತಿ ಸ್ಕ್ಯಾಂಡಿ ಎಂಬ ಬಗೆಯದು. ಅಂದರೆ ಅಲಗು ಸಪಾಟಾಗಿ ಬಂದು, ಅಂಚಿನ ಹತ್ತಿರ ಎರಡೂ ಬದಿಯಲ್ಲಿ ಅಗಲವಾದ ಒಂದೇ ಇಳಿಜಾರಾಗಿ ಮುಗಿಯುತ್ತದೆ. ಎರಡೂ ಕಡೆ ಸೇರಿ ಸುಮಾರು 25 ಡಿಗ್ರಿ. ಮರ ಹೆರೆಯುವಾಗ ಈ ಇಳಿಜಾರು ಮರದ ಮೇಲೆ ಕೂತು ಅಲಗನ್ನು ಹಿಡಿದು ನಡೆಸುತ್ತದೆ, ಉಳಿಯ ಹಾಗೆ. ಇಷ್ಟು ತೆಳು ಅಂಚಿಗೆ ಬೆಲೆಯೂ ಇದೆ: ಒಣ ಬಿದಿರಿನ ಗಿಣ್ಣಿಗೋ ಮೂಳೆಗೋ ಹೊಡೆದರೆ ಅಂಚು ಮಡಚಿಕೊಳ್ಳುತ್ತದೆ. ಬಿದಿರಿನ ಸಿಪ್ಪೆಯಲ್ಲಿ ಸಿಲಿಕಾ ಇರುವುದರಿಂದ ಯಾವ ಉಕ್ಕನ್ನಾದರೂ ಬೇಗ ಮೊಂಡು ಮಾಡುತ್ತದೆ. ಬಿದಿರು ಜಾಸ್ತಿ ಇರುವ ಕಡೆ ಮಸೆಕಲ್ಲು ಜೊತೆಗಿರಲೇಬೇಕು.

ಉಕ್ಕಿನ ಆಯ್ಕೆಯಲ್ಲಿ ಎರಡು ಮಾತಿಲ್ಲ. ಸ್ಟೇನ್‌ಲೆಸ್ ಮಾದರಿಗೆ ಹಾಕುವುದು 12ಸಿ27 ಎಂಬ ಸ್ವೀಡಿಷ್ ಉಕ್ಕು: ಇಂಗಾಲ ಶೇ. 0.6, ಕ್ರೋಮಿಯಂ ಶೇ. 13.5ರ ಆಸುಪಾಸು. ಇನ್ನೊಂದು ಮಾದರಿ ಕಾರ್ಬನ್ ಉಕ್ಕಿನದು. ಅದು ಮಸೆಯಲು ಇನ್ನೂ ಸಲೀಸು, ಆದರೆ ವರ್ಷಕ್ಕೆ 7,000 ಮಿ.ಮೀ.ಗಿಂತ ಹೆಚ್ಚು ಮಳೆ ಸುರಿಯುವ ಆಗುಂಬೆಯಂಥ ಕಡೆ ಒದ್ದೆ ಒರೆಯಲ್ಲಿ ಒಂದು ರಾತ್ರಿ ಇಟ್ಟರೆ ಬೆಳಗ್ಗೆಗೆ ಕೆಂಪು ತುಕ್ಕು ಕಾಣಿಸುತ್ತದೆ. ಮಾವಿನಕಾಯಿ, ಲಿಂಬೆ, ಪುನರ್ಪುಳಿ ಕೊಯ್ದರೆ ಕಪ್ಪಾಗುತ್ತದೆ, ಹಣ್ಣಿಗೂ ಲೋಹದ ವಾಸನೆ ಹತ್ತುತ್ತದೆ. ಕಾರ್ಬನ್ನೇ ಬೇಕೆನ್ನುವವರು ಪ್ರತಿ ಬಾರಿ ಒರೆಸಿ ತೆಳುವಾಗಿ ಕೊಬ್ಬರಿ ಎಣ್ಣೆ ಸವರಲಿ. ಅದು ಬೇರೆ ಅಡುಗೆ ಎಣ್ಣೆಗಳಷ್ಟು ಬೇಗ ಅಂಟಂಟಾಗುವುದಿಲ್ಲ, ತಿನ್ನುವುದಕ್ಕೆ ತಾಗಿದರೂ ಚಿಂತೆಯಿಲ್ಲ. ಸ್ಟೇನ್‌ಲೆಸ್‌ಗೂ ಸಮುದ್ರದ ಉಪ್ಪು ಆಗದು. ಕಾರವಾರ, ಗೋಕರ್ಣದ ಕಡೆ ಬಳಸಿದ ದಿನವೇ ಸಿಹಿನೀರಿನಲ್ಲಿ ತೊಳೆದು ಒಣಗಿಸದಿದ್ದರೆ ಸೂಜಿಮೊನೆಯಷ್ಟು ಗುಳಿಗಳು ಬೀಳುತ್ತವೆ. ಹಲಸಿನ ಮೇಣಕ್ಕೂ ಕೊಬ್ಬರಿ ಎಣ್ಣೆಯೇ ಮದ್ದು, ಬಟ್ಟೆಯಿಂದ ಬೆನ್ನಿನ ಕಡೆಯಿಂದ ಒರೆಸಬೇಕು.

ಚಾಕು ಸುರಕ್ಷಿತವೋ ಅಲ್ಲವೋ ಎಂದು ನಿರ್ಧರಿಸುವ ಭಾಗವನ್ನು ಹೆಚ್ಚಿನವರು ನೋಡುವುದೇ ಇಲ್ಲ. ಅದು ಒರೆ. ಕಂಪ್ಯಾನಿಯನ್‌ನದು ಗಟ್ಟಿ ಪ್ಲಾಸ್ಟಿಕ್ಕಿನದು, ಚಾಕು ಟಕ್ ಎಂದು ಕೂರುತ್ತದೆ, ತಲೆಕೆಳಗೆ ಹಿಡಿದರೂ ಬೀಳದು. ತಳದಲ್ಲಿ ನೀರು ಹೋಗಲು ತೂತಿದೆ. ಅಗ್ಗದ ಚರ್ಮದ ಅಥವಾ ನೈಲಾನ್ ಒರೆಗಳಲ್ಲಿ ಅಲಗು ಹೊಲಿಗೆ ಕೊಯ್ದು ಹೊರಗೆ ಬರುವ ಅಪಾಯವಿದೆ; ಒರೆಯನ್ನು ಮುಷ್ಟಿಯಲ್ಲಿ ಹಿಡಿದು ಚಾಕು ಎಳೆಯುವಾಗ ಆ ಹೊಲಿಗೆಯ ಮೇಲೇ ನಾಲ್ಕು ಬೆರಳು ಇರುತ್ತವೆ. ಇಲ್ಲಿ ಆ ಭಯವಿಲ್ಲ. ಆದರೂ ಅಭ್ಯಾಸ ಒಂದೇ ಇರಲಿ: ಒರೆಯ ಬಾಯಿಯ ಅಂಚಿಗೆ ಹೆಬ್ಬೆರಳು ಕೊಟ್ಟು ಹಿಡಿಯನ್ನು ಸಡಿಲಿಸಿ, ಆಮೇಲೆ ಎಳೆಯಿರಿ. ಒಮ್ಮೆಲೇ ಜಗ್ಗಿದರೆ ಬಿಡುಗಡೆಯಾದ ಕೈ ಎತ್ತ ಹಾರುತ್ತದೆಂದು ಹೇಳಲಾಗದು.

ಒರೆಯ ನಿಜವಾದ ದೋಷ ಅದರ ಬೆಲ್ಟ್ ಕ್ಲಿಪ್ಪು. ಅದು ಬೆಲ್ಟನ್ನು ಪೂರ್ತಿ ಸುತ್ತುವರಿಯುವುದಿಲ್ಲ. ಜೀಪಿನ ಸೀಟಿಗೆ ಒತ್ತಿದಾಗ, ಬೇಲಿ ನುಸುಳುವಾಗ ಮೇಲಕ್ಕೆ ಜಾರಿ ಒರೆ ಸಮೇತ ಬಿದ್ದುಹೋಗುತ್ತದೆ, ಬಿದ್ದದ್ದು ಗೊತ್ತೂ ಆಗುವುದಿಲ್ಲ. ಕ್ಲಿಪ್ಪಿನ ಬುಡಕ್ಕೂ ಬೆಲ್ಟಿಗೂ ಸೇರಿಸಿ ಒಂದು ಸಣ್ಣ ದಾರ ಬಿಗಿಯುವುದು ಒಳ್ಳೆಯದು. ಮರಳು ಹೊಕ್ಕಿದ ಒರೆ ಅಂಚನ್ನು ದಿನಾ ತೀಡಿ ಮೊಂಡು ಮಾಡುತ್ತದೆ, ವಾರಕ್ಕೊಮ್ಮೆ ನೀರು ಹೊಯ್ದು ಕೊಡವಿ.

ಇನ್ನು ಈ ಚಾಕುವಿನ ಮಿತಿ. ಅಲಗಿನ ಬಾಲ, ಅಂದರೆ ಹಿಡಿಯೊಳಗೆ ಹೊಕ್ಕಿರುವ ಭಾಗ, ಹಿಡಿಯ ಕೊನೆಯ ತನಕ ಹೋಗುವುದಿಲ್ಲ, ನಡುವೆಯೇ ನಿಲ್ಲುತ್ತದೆ. ಆದ್ದರಿಂದ ಬೆನ್ನಿಗೆ ಕೊಡತಿಯಿಂದ ಬಡಿದು ಸೌದೆ ಸೀಳುವ ಕೆಲಸದಲ್ಲಿ ಎಚ್ಚರ ಬೇಕು. ಮಳೆಯಲ್ಲಿ ನೆನೆದ ಕಟ್ಟಿಗೆಯ ಒಳಗಿನ ಒಣ ತಿರುಳು ತೆಗೆಯಲು ಇದು ಬೇಕಾಗುವ ಕೆಲಸವೇ, ಬಿಡುವಂತಿಲ್ಲ. ಹೀಗೆ ಮಾಡಿ. ದಪ್ಪ ಎರಡು ಇಂಚು ಮೀರದ, ಗಂಟಿಲ್ಲದ, ನೇರ ಎಳೆಯ ತುಂಡು ಆರಿಸಿ. ಉದ್ದ ಒಂದು ಗೇಣು ಸಾಕು. ಇನ್ನೊಂದು ದಿಮ್ಮಿಯ ಮೇಲೆ ನೆಟ್ಟಗೆ ನಿಲ್ಲಿಸಿ, ಅಲಗನ್ನು ಅಡ್ಡಲಾಗಿ ಇಟ್ಟು, ಮೊನೆ ಆಚೆಗೆ ಒಂದು ಇಂಚಾದರೂ ಚಾಚಿರಲಿ. ಮೊದಲು ನಡುವೆ ಬೆನ್ನಿಗೆ ಮೆಲ್ಲಗೆ ತಟ್ಟಿ ಕೂರಿಸಿ, ಆಮೇಲೆ ಚಾಚಿದ ಭಾಗಕ್ಕೆ ಮರದ ತುಂಡಿನಿಂದ ಹೊಡೆಯಿರಿ. ಕಲ್ಲು, ಸುತ್ತಿಗೆ ಬೇಡವೇ ಬೇಡ. ಹಿಡಿಯನ್ನು ಕೆಳಕ್ಕೆ ಒತ್ತಬಾರದು, ಸಮಮಟ್ಟದಲ್ಲಿ ಹಿಡಿದರೆ ಸಾಕು. ಒತ್ತಿದಾಗಲೇ ಬಾಲ ಹಿಡಿಯೊಳಗೆ ಸಡಿಲವಾಗುತ್ತದೆ. ಸಿಕ್ಕಿಕೊಂಡರೆ ತಿರುಚಬೇಡಿ, ಕಟ್ಟಿಗೆಯ ಇನ್ನೊಂದು ತುದಿಗೆ ಬೆಣೆ ಹೊಡೆದು ಬಿಡಿಸಿ. ಡಬ್ಬಿಯ ಮುಚ್ಚಳ ಮೀಟಲು ಮೊನೆ ಬಳಸಿದರೆ ತುದಿಯ ಮೂರ್ನಾಲ್ಕು ಮಿ.ಮೀ. ಮುರಿದು ಹೋಗುವುದು ಖಂಡಿತ.

ಬೆಂಕಿಯ ವಿಷಯದಲ್ಲೂ ಒಂದು ಕೊರತೆ. ಫೆರೋ ರಾಡ್ ಎಂಬ ಲೋಹದ ಕಡ್ಡಿ ಉಜ್ಜಿ ಕಿಡಿ ತೆಗೆಯಲು ಬೆನ್ನಿನ ಮೂಲೆ ಚೂಪಾಗಿ 90 ಡಿಗ್ರಿ ಇರಬೇಕು. ಸಾದಾ ಕಂಪ್ಯಾನಿಯನ್‌ನ ಬೆನ್ನು ಉರುಟು, ಕಿಡಿ ಬರುವುದಿಲ್ಲ. ಆಗ ಜನ ಅಂಚಿನಿಂದಲೇ ಉಜ್ಜುತ್ತಾರೆ, ಅಂಚೂ ಹಾಳು, ಕೈಗೂ ಅಪಾಯ. ಹಿಡಿಯ ಹತ್ತಿರದ ಎರಡು ಇಂಚು ಬೆನ್ನನ್ನು ನಾವೇ ಚಪ್ಪಟೆ ಮಾಡಿಕೊಳ್ಳಬಹುದು. ಅಂಚಿಗೆ ದಪ್ಪವಾಗಿ ಟೇಪು ಸುತ್ತಿ, ಬಟ್ಟೆ ಕೊಟ್ಟು ವೈಸಿನಲ್ಲಿ ಬಿಗಿದು, ಒರಟು ಮಸೆಕಲ್ಲನ್ನು ಬೆನ್ನಿಗೆ ಲಂಬವಾಗಿಟ್ಟು ಉಜ್ಜುವುದು. ಅರದಿಂದಲೂ ಆಗುತ್ತದೆ, ಆದರೆ ಹದಗೊಂಡ ಉಕ್ಕಿನ ಮೇಲೆ ಅರ ಜಾರುವುದೇ ಹೆಚ್ಚು. ವಿದ್ಯುತ್ ಗ್ರೈಂಡರ್ ಮಾತ್ರ ಬೇಡ: ಅಲಗು ಬಣ್ಣ ತಿರುಗುವಷ್ಟು ಬಿಸಿಯಾದರೆ ಉಕ್ಕಿನ ಹದ ಹೋಗುತ್ತದೆ, ಅದನ್ನು ಮರಳಿ ತರಲಾಗದು. ಇಷ್ಟೆಲ್ಲ ಆದರೂ ಮಳೆಗಾಲದಲ್ಲಿ ಜಿಪ್‌ ಪೊಟ್ಟಣದಲ್ಲಿ ಎರಡು ಲೈಟರು, ಒಂದು ಹಿಡಿ ಕರ್ಪೂರ ಇಟ್ಟುಕೊಂಡವರಿಗೇ ಬೆಂಕಿ ಮೊದಲು ಹತ್ತುವುದು. ಅಭಯಾರಣ್ಯದೊಳಗೆ ಬೆಂಕಿ ಹಚ್ಚುವುದೂ ಅಪರಾಧವೇ.

ಮಸೆಯುವುದು ಈ ಚಾಕುವಿನಲ್ಲಿ ಕಲಿಯಲು ಬಲು ಸುಲಭ. ಕೋನ ಊಹಿಸುವ ಗೋಜಿಲ್ಲ. ಅಗಲ ಇಳಿಜಾರನ್ನು ಕಲ್ಲಿನ ಮೇಲೆ ಪೂರ್ತಿ ಕೂರಿಸಿ, ಎರಡು ಬೆರಳು ಇಳಿಜಾರಿನ ಮೇಲೇ ಇಟ್ಟು, ಹಿಂದೆ ಮುಂದೆ ಆಡಿಸುವುದಷ್ಟೆ. 1000 ಗ್ರಿಟ್ಟಿನ (ಗ್ರಿಟ್ ಎಂದರೆ ಕಲ್ಲಿನ ನುಣುಪಿನ ಅಳತೆ) ನೀರುಕಲ್ಲಿನಲ್ಲಿ ಒಂದು ಬದಿ ಮಸೆದು, ಇನ್ನೊಂದು ಬದಿಗೆ ಉಗುರಿಗೆ ತಾಗುವ ಬರ್, ಅಂದರೆ ಲೋಹದ ತೆಳು ಮಡಿಕೆ, ಅಂಚಿನುದ್ದಕ್ಕೂ ಎದ್ದ ಮೇಲೆ ಮಗ್ಗುಲು ಬದಲಿಸಿ. ಆಮೇಲೆ 3000, ಕೊನೆಗೆ ಹಳೇ ಚರ್ಮದ ಬೆಲ್ಟಿನ ಒರಟು ಮುಖದ ಮೇಲೆ ಬೆನ್ನು ಮುಂದಾಗಿ ಹತ್ತಿಪ್ಪತ್ತು ಸಲ ಎಳೆದರೆ ಬರ್ ಉದುರುತ್ತದೆ. ಅಂಚು ಪದೇ ಪದೇ ಮಡಚುತ್ತಿದ್ದರೆ ಕೊನೆಯಲ್ಲಿ ಬೆನ್ನನ್ನು ಕೂದಲೆಳೆಯಷ್ಟು ಎತ್ತಿ ಪ್ರತಿ ಬದಿಗೆ ನಾಲ್ಕೈದು ಸಲ ಹಗುರ ಎಳೆತ ಕೊಡಿ. ಹರಿತ ಚೂರು ಕಡಿಮೆಯಾಗುತ್ತದೆ, ಬಾಳಿಕೆ ಎಷ್ಟೋ ಹೆಚ್ಚುತ್ತದೆ. ಅಡುಗೆಮನೆಯ ಎಳೆದು ಮಸೆಯುವ ‘ವಿ’ ಆಕಾರದ ಸಾಧನ ಈ ಅಲಗಿಗೆ ಶತ್ರು, ಇಳಿಜಾರನ್ನೇ ಕೆರೆದು ಹಾಕುತ್ತದೆ.

ಬಳಸುವಾಗಿನ ಅಪಾಯಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಕೂತುಕೊಂಡು ತೊಡೆಗಳ ನಡುವೆ ಹೆರೆಯುವುದು. ತೊಡೆಯ ಒಳಬದಿಯಲ್ಲಿ ಹೋಗುವ ರಕ್ತನಾಳ ಕತ್ತರಿಸಿದರೆ ಕೆಲವೇ ನಿಮಿಷಗಳಲ್ಲಿ ಜೀವಕ್ಕೆ ಬರುತ್ತದೆ, ಆಸ್ಪತ್ರೆ ಎರಡು ಗಂಟೆ ದೂರ ಇರುವ ಕಡೆ ಉಳಿಯುವುದು ಕಷ್ಟ. ಮೊಣಕಾಲಿನ ಹೊರಗೆ, ಪಕ್ಕಕ್ಕೆ ತಿರುಗಿ ಹೆರೆಯಬೇಕು. ಇಲ್ಲವೇ ಮೊಣಕೈಗಳನ್ನು ಮೊಣಕಾಲ ಮೇಲೆ ಊರಿ ಕೆಲಸವನ್ನು ಮುಂದಕ್ಕೆ ಚಾಚಬೇಕು. ಶುರುಮಾಡುವ ಮುಂಚೆ ಒರೆಯಲ್ಲಿರುವ ಚಾಕು ಹಿಡಿದು ತೋಳು ಚಾಚಿ ಸುತ್ತ ತಿರುಗಿಸಿ ನೋಡಿ, ಆ ವೃತ್ತದೊಳಗೆ ಯಾರೂ ಇರಕೂಡದು. ಕೈಯಿಂದ ಕೈಗೆ ಕೊಡುವಾಗ ಒರೆಗೆ ಹಾಕಿಯೇ ಕೊಡಿ. ಬೀಳುವ ಚಾಕು ಹಿಡಿಯಲು ಹೋಗಬೇಡಿ. ಕತ್ತಲಾದ ಮೇಲೆ, ಇಂಬಳ ಕೀಳುವ ಗಡಿಬಿಡಿಯಲ್ಲಿ, ಚಳಿಗೆ ಬೆರಳು ಮರಗಟ್ಟಿದಾಗ ಚಾಕು ಒರೆಯಲ್ಲೇ ಇರಲಿ. ಕೊಯ್ದುಕೊಂಡರೆ ಶುದ್ಧ ಬಟ್ಟೆ ಇಟ್ಟು ಗಟ್ಟಿಯಾಗಿ ಹತ್ತು ನಿಮಿಷ ಒತ್ತಬೇಕು, ನಡುವೆ ತೆಗೆದು ನೋಡಿದರೆ ಹೆಪ್ಪುಗಟ್ಟುತ್ತಿರುವ ರಕ್ತ ಕಿತ್ತು ಬರುತ್ತದೆ. ಗಾಯಕ್ಕೆ ಕಟ್ಟುವ ದೊಡ್ಡ ಗಾಜ್ ಬಟ್ಟೆಯ ಪಟ್ಟಿ ಎರಡು ಚಾಕುವಿನ ಜೊತೆಗೇ ಇರಬೇಕು. ಬೆರಳು ಮಡಚಲು ಬಾರದಿದ್ದರೆ ಅಥವಾ ತುದಿ ಜೋಮು ಹಿಡಿದರೆ ಅದೇ ದಿನ ವೈದ್ಯರಿಗೆ ತೋರಿಸಿ.

ಇದೇ ಮನೆತನದ ಬೇರೆ ಮಾದರಿಗಳಲ್ಲಿ ಕಂಪ್ಯಾನಿಯನ್ ಹೆವಿ ಡ್ಯೂಟಿ 3.2 ಮಿ.ಮೀ. ದಪ್ಪದ್ದು. ಸೀಳಲು ಗಟ್ಟಿ, ತರಕಾರಿ ಹೆಚ್ಚಲು ಒರಟು. ಕನ್ಸ್‌ಬೋಲ್ ನಮಗೆ ಮೆಚ್ಚುಗೆಯಾದ ಎರಡನೆಯದು: 2.5 ಮಿ.ಮೀ. ದಪ್ಪ, ಮೊನೆಯ ಕಡೆ ತೆಳುವಾಗಿಸಿದ್ದಾರೆ, ಬೆನ್ನು ಕಿಡಿ ತೆಗೆಯಲು ಸಿದ್ಧವಾಗಿಯೇ ಬರುತ್ತದೆ. ಗಾರ್ಬರ್ಗ್‌ನಲ್ಲಿ ಅಲಗಿನ ಬಾಲ ಹಿಡಿಯ ಕೊನೆಯ ತನಕ ಇದೆ, ಮುರಿಯುವ ಮಾತೇ ಕಡಿಮೆ. ಬೆಲೆ ಮಾತ್ರ ಕಂಪ್ಯಾನಿಯನ್‌ನ ಹಲವು ಪಟ್ಟು, ತೂಕವೂ ಸುಮಾರು ಎರಡು ಪಟ್ಟು. ವರ್ಷಪೂರ್ತಿ ಕಾಡಿನಂಚಿನಲ್ಲಿ ಬದುಕುವವರಿಗೆ ಅದು ಸರಿ. ಫ್ರಾನ್ಸಿನ ಒಪಿನೆಲ್ ಮಡಚು ಚಾಕು ಅಡುಗೆಗೆ ಸೊಗಸು, ಆದರೆ ಮಳೆಗಾಲದಲ್ಲಿ ಅದರ ಮರದ ಹಿಡಿ ಉಬ್ಬಿ ಅಲಗು ಹೊರಗೆ ಬಾರದೆ ಸತಾಯಿಸುತ್ತದೆ. ಮಕ್ಕಳಿಗೆ ಕಲಿಸಲು ಮೋರಾದ್ದೇ ರೂಕಿ ಇದೆ, ಮೊನೆ ಉರುಟಾಗಿರುತ್ತದೆ, ಬೆರಳಿಗೆ ತಡೆಯೂ ಇದೆ.

ಪಾರ್ಸೆಲ್ ಬಂದ ದಿನ ಕೆಲಸಕ್ಕೆ ಹಚ್ಚುವ ಮುಂಚೆ ನಾಲ್ಕು ವಿಷಯ ನೋಡಿ. ಅಂಚನ್ನು ದೀಪದ ಕೆಳಗೆ ಮೇಲ್ಮುಖವಾಗಿ ಹಿಡಿದರೆ ಎಲ್ಲೂ ಬೆಳಕು ಮಿಂಚಬಾರದು; ಮಿಂಚಿದ ಜಾಗ ಮೊಂಡು ಅಥವಾ ಮುಕ್ಕು. ಬೆನ್ನಿನ ಮೇಲಿಂದ ನೋಡಿದಾಗ ಅಲಗು ಹಿಡಿಗೆ ನೇರವಾಗಿರಬೇಕು. ಎರಡೂ ಬದಿಯ ಇಳಿಜಾರು ಒಂದೇ ಎತ್ತರಕ್ಕಿರಬೇಕು, ಹೆಚ್ಚುಕಡಿಮೆ ಇದ್ದರೆ ಮಸೆಯುವಾಗಲೆಲ್ಲ ಅಂಚು ಒಂದು ಕಡೆಗೆ ವಾಲುತ್ತದೆ. ಕೊನೆಯದಾಗಿ ಒರೆಗೆ ಹಾಕಿ, ಹಾಸಿಗೆಯ ಮೇಲೆ ತಲೆಕೆಳಗೆ ಹಿಡಿದು ಜೋರಾಗಿ ಕೊಡವಿ. ಜಾರಿ ಬಿದ್ದರೆ ಹಿಂದಿರುಗಿಸಿ, ಅದೂ ಕಲ್ಲಿಗೆ ತಾಗಿಸುವ ಮೊದಲೇ; ಒಮ್ಮೆ ಮಸೆದ ಚಾಕುವನ್ನು ಮಾರಿದವರು ವಾಪಸು ತೆಗೆದುಕೊಳ್ಳುವುದಿಲ್ಲ.